ವಿಜಯನಗರದ ಆಹಾರ ಪೇಟೆ: ಪ್ರವಾಸಿಗರ ನೋಟ ಮತ್ತು ಬಳ್ಳಾರಿ ಸೀಮೆಯ ಹೇರು

ಬಳ್ಳಾರಿ ನಗರದ ಈಶಾನ್ಯಕ್ಕೆ, ಹಗರಿ ಎಂದು ಜನ ಕರೆಯುವ ವೇದಾವತಿಯ ಬಯಲಿಗೆ ಸೇರಿದ ಊರು ಮೋಕ. ಅದರ ವಾಯವ್ಯಕ್ಕೆ ಕುರುಗೋಡು. ಇನ್ನೂ ಉತ್ತರಕ್ಕೆ ತುಂಗಭದ್ರೆಯ ಬಲದಂಡೆಯ ಸೀಮೆಯಲ್ಲಿ ಸಿರುಗುಪ್ಪ. ಈ ಮೂರು ಊರುಗಳನ್ನು ಒಳಗೊಂಡ ಪ್ರದೇಶದ ಪಶ್ಚಿಮಕ್ಕೆ, ಹೇರೆತ್ತಿನ ನಡಿಗೆಯಲ್ಲಿ ಕೆಲವೇ ದಿನಗಳ ಹಾದಿಯಲ್ಲಿ, ವಿಜಯನಗರದ ರಾಜಧಾನಿಯಿತ್ತು. 2021ರಲ್ಲಿ ಪ್ರತ್ಯೇಕ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಹಂಪಿಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಆಡಳಿತದ ಗೆರೆ ಈಗ ಬೇರೆಯಾಗಿದ್ದರೂ ಹೊಲ ಮತ್ತು ಪೇಟೆಯ ಸಂಬಂಧದ ಇತಿಹಾಸವನ್ನು ಈ ಗೆರೆಯಿಂದ ವಿಭಾಗಿಸಲಾಗದು.

ವಿಜಯನಗರದ ಪೇಟೆಗಳ ವೈಭವವನ್ನು ಕುರಿತು ಬರೆಯುವಾಗ ವಿದೇಶಿ ಪ್ರವಾಸಿಗರ ಮಾತುಗಳನ್ನು ಉದ್ಧರಿಸುವುದು ವಾಡಿಕೆ. ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರೆಂಬ ಮಾತಂತೂ ಶಾಲೆಯ ಪಠ್ಯದಿಂದ ಉತ್ಸವದ ಭಾಷಣದವರೆಗೆ ಹಬ್ಬಿದೆ. ರತ್ನದ ಮಾತಿಗೆ ಸಂದ ಗಮನ ಅದೇ ಪ್ರವಾಸಿಗರು ಬರೆದ ಜೋಳ, ಹುರುಳಿ, ಕೋಳಿ, ನಿಂಬೆಯ ಮಾತಿಗೆ ಸಂದಿಲ್ಲ. ಸಂದಾಗಲೂ ಅದನ್ನು ‘ಸಮೃದ್ಧಿ’ ಎಂಬ ಒಂದೇ ಪದದಲ್ಲಿ ಮುಗಿಸಲಾಗಿದೆ. ಆ ಪೇಟೆಯಲ್ಲಿ ನಡೆದಾಡಿದ ಪರದೇಶಿಯು ಏನನ್ನು ಕಂಡ, ಯಾವುದಕ್ಕೆ ಬೆಲೆ ಬರೆದ, ಯಾವುದಕ್ಕೆ ಬರೆಯಲಿಲ್ಲ, ತಾನು ಉಂಡದ್ದೇನು ಎಂಬ ಪ್ರಶ್ನೆಗಳನ್ನು ಕೇಳಿದರೆ ಅದೇ ಬರಹಗಳು ಬೇರೆ ಸಂಗತಿಗಳನ್ನು ಹೇಳುತ್ತವೆ. ಪ್ರಸ್ತುತ ಪ್ರಬಂಧದಲ್ಲಿ ಆ ಬರಹಗಳನ್ನು ನಗರದ ಹೆಬ್ಬಾಗಿಲಿನ ಒಳಗಿನಿಂದಲ್ಲದೆ ಹೊರಗಿನಿಂದ, ಅಂದರೆ ಧಾನ್ಯ ಬೆಳೆದ ಸೀಮೆಯ ಕಡೆಯಿಂದ ಓದಲು ಯತ್ನಿಸಲಾಗಿದೆ.

ಈ ವಿವೇಚನೆಗೆ ಮುಖ್ಯವಾದವರು ಮೂವರು. ತೈಮೂರನ ಮಗ ಷಾರುಖ್‌ನ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್ ಮೊದಲನೆಯವನು. ಕೃಷ್ಣದೇವರಾಯನ ಆಳಿಕೆಯಲ್ಲಿ, 1520ರ ಸುಮಾರಿಗೆ ನಗರವನ್ನು ಕಂಡ ಪೋರ್ಚುಗೀಸನಾದ ಡೊಮಿಂಗೊ ಪಾಯೆಸ್ ಎರಡನೆಯವನು. ಅಚ್ಯುತರಾಯನ ಕಾಲದಲ್ಲಿ ಅಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಮೂರನೆಯವನು. ಅವನ ಬರಹ 1535ರ ಸುಮಾರಿನದು. ಕೊನೆಯ ಇಬ್ಬರ ಬರಹಗಳು ಪ್ಯಾರಿಸ್ಸಿನ ಹಸ್ತಪ್ರತಿಯೊಂದರಲ್ಲಿ ಉಳಿದಿದ್ದು 1897ರಲ್ಲಿ ಡೇವಿಡ್ ಲೋಪೆಸ್ ಅವರಿಂದ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಅವರ ಇಂಗ್ಲಿಷ್ ಅನುವಾದದಿಂದ ವಿದ್ವಲ್ಲೋಕಕ್ಕೆ ಪರಿಚಿತವಾದವು. ಪರದೇಶದ ಪ್ರವಾಸಿಗರ ಇಂಥ ಕಥನಗಳನ್ನು ಕನ್ನಡದ ಸಾಮಾನ್ಯ ಓದುಗರಿಗೆ ತಲುಪಿಸಿದ್ದರಲ್ಲಿ ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳ ಪಾಲು ದೊಡ್ಡದು. ಈ ಮೂವರಲ್ಲಿ ಒಬ್ಬ ರಾಜಾತಿಥಿ, ಒಬ್ಬ ಕುತೂಹಲಿ, ಮತ್ತೊಬ್ಬ ವ್ಯಾಪಾರಿ. ಒಂದೇ ಪೇಟೆ ಮೂವರಿಗೂ ಒಂದೇ ತೆರನಾಗಿ ಕಾಣಲಿಲ್ಲ.

ಆಹಾರ ಪೇಟೆಯ ದೀರ್ಘ ವರ್ಣನೆ ಪಾಯೆಸ್‌ನದು. ಲೋಕದಲ್ಲಿಯೇ ಇಷ್ಟು ಚೆನ್ನಾಗಿ ದಿನಸಿ ಒದಗುವ ನಗರ ಬೇರೊಂದಿಲ್ಲ ಎಂಬುದು ಅವನ ಒಟ್ಟು ಅಭಿಪ್ರಾಯ. ಅಕ್ಕಿ, ಗೋಧಿ, ಒಂದಷ್ಟು ಬಾರ್ಲಿ, ಅವರೆಯಂಥ ಕಾಳುಗಳು, ಹೆಸರು, ಹುರುಳಿ ಮುಂತಾದುವನ್ನು ಹೆಸರಿಸಿ, ಇವು ಜನಸಾಮಾನ್ಯರ ಆಹಾರ, ಹೇರಳವಾಗಿವೆ, ಬಹಳ ಅಗ್ಗ ಎನ್ನುತ್ತಾನೆ. ಗೋಧಿಯನ್ನು ಮುಸಲ್ಮಾನರ ಹೊರತು ಬೇರೆಯವರು ತಿನ್ನದ ಕಾರಣ ಅದು ಉಳಿದವುಗಳಷ್ಟು ಇಲ್ಲವೆಂದು ಸೇರಿಸುತ್ತಾನೆ. ಹೇರೆತ್ತುಗಳಿಂದ ಬೀದಿಗಳು ಕಿಕ್ಕಿರಿದು, ಅವು ದಾಟುವವರೆಗೆ ಕಾಯಬೇಕು ಇಲ್ಲವೇ ಬೇರೆ ದಾರಿ ಹಿಡಿಯಬೇಕು ಎಂಬ ಅವನ ಮಾತು ಕಣ್ಣಾರೆ ಕಂಡವನದೆಂಬುದರಲ್ಲಿ ಸಂಶಯವಿಲ್ಲ. ಕುರಿಯ ಮಾಂಸ ಬೀದಿ ಬೀದಿಯಲ್ಲಿ. ಹೊರೆ ಹೊರೆಯಾಗಿ ಬರುವ ನಿಂಬೆ, ಸಿಹಿ ಮತ್ತು ಹುಳಿ ಕಿತ್ತಳೆ, ಬದನೆ, ತರಕಾರಿ. ಬೆಣ್ಣೆ, ಎಣ್ಣೆ, ಹಾಲು. ಕೌಜುಗ, ಪಾರಿವಾಳ, ಮೊಲಗಳನ್ನು ಜೀವಂತವಾಗಿಯೇ ಮಾರುತ್ತಿದ್ದರು.

ಈ ಪಟ್ಟಿಯಲ್ಲಿ ‘ಮಿಲ್ಯು’ ಎಂಬ ಪೋರ್ಚುಗೀಸ್ ಪದವಿದೆ. ಸಿವೆಲ್ ಅವರ ಅನುವಾದದಲ್ಲಿ ಅದು ಮೆಕ್ಕೆಜೋಳವೆಂಬ ಅರ್ಥ ಕೊಡುವ ಪದವಾಗಿದೆ. ಅದನ್ನೇ ಅನುಸರಿಸಿದ ಬರಹಗಳಲ್ಲಿ ಕೃಷ್ಣದೇವರಾಯನ ಪ್ರಜೆಗಳು ಮೆಕ್ಕೆಜೋಳ ತಿನ್ನುತ್ತಿದ್ದಂತೆ ಚಿತ್ರಿತವಾಗುವುದುಂಟು. ಮೆಕ್ಕೆಜೋಳವು ಅಮೆರಿಕ ಖಂಡದ ಬೆಳೆ. 1520ರ ವೇಳೆಗೆ ಅದು ತುಂಗಭದ್ರೆಯ ದಡದಲ್ಲಿ ಜನಸಾಮಾನ್ಯರ ಆಹಾರವಾಗುವಷ್ಟು ಹರಡಿತ್ತೆಂದು ಎಣಿಸಲಾಗದು. ಪಾಯೆಸ್ ಕಂಡದ್ದು ಜೋಳ. ಎರೆನೆಲದ ಹಿಂಗಾರಿಯಲ್ಲಿ ಇಬ್ಬನಿಯ ತೇವದಲ್ಲೇ ತೆನೆ ಕಟ್ಟುವ, ರೊಟ್ಟಿಗೂ ಸಂಗಟಿಗೂ ಒದಗುವ, ದಂಟು ದನಗಳಿಗೆ ಮೇವಾಗುವ ಆ ಜೋಳವೇ ಮೋಕ ಮತ್ತು ಕುರುಗೋಡು ಸೀಮೆಯ ಮುಖ್ಯ ಧಾನ್ಯ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಕೂಡ ಜಿಲ್ಲೆಯ ಜನರ ಮುಖ್ಯ ಆಹಾರವಾಗಿ ಜೋಳ ಮತ್ತು ನವಣೆಯನ್ನೇ ಗುರುತಿಸುತ್ತದೆ. ಒಂದು ಪದದ ಅನುವಾದ ಜಾರಿದರೆ ಒಂದು ಸೀಮೆಯ ಬೆಳೆಯೇ ಇತಿಹಾಸದಿಂದ ಜಾರಿಹೋಗುತ್ತದೆ.

ಇನ್ನು ಬೆಲೆಗಳ ವಿಚಾರ. ನಗರದಲ್ಲಿ ಒಂದು ಹಣಕ್ಕೆ ಮೂರು ಕೋಳಿ ಎಂದು ಪಾಯೆಸ್ ಬರೆಯುತ್ತಾನೆ. ಈ ಹಣ ತನ್ನ ದೇಶದ ವಿಂತೆಂ ಎಂಬ ನಾಣ್ಯಕ್ಕೆ ಸಮ ಎಂಬುದು ಅವನ ಲೆಕ್ಕ. ಕೌಜುಗವಾದರೆ ಆರೋ ಎಂಟೋ. ಬೆಳವನ ಹಕ್ಕಿಯಾದರೆ ಹನ್ನೆರಡು ಹದಿನಾಲ್ಕು. ಹಂದಿಗೆ ನಾಲ್ಕೈದು ಹಣ. ಹಣಕ್ಕೆ ಹತ್ತು ದಾಳಿಂಬೆ, ಮೂರು ಗೊಂಚಲು ದ್ರಾಕ್ಷಿ. ಈ ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದವರು ಕಡಿಮೆ. ಹಾಗೆ ನೋಡಿದಾಗ ಒಂದು ಗೊಂಚಲು ದ್ರಾಕ್ಷಿಯ ಬೆಲೆಯೂ ಒಂದು ಕೋಳಿಯ ಬೆಲೆಯೂ ಸಮವಾಗಿದ್ದುದು ತಿಳಿಯುತ್ತದೆ. ನೂನಿಜ್ ದ್ರಾಕ್ಷಿಯನ್ನೂ ಹಲಸು, ಮಾವು, ಕಿತ್ತಳೆಗಳ ಜೊತೆ ಸೇರಿಸಿ ಎಲ್ಲವೂ ಬಹಳ ಅಗ್ಗ ಎನ್ನುತ್ತಾನೆ. ಯಾರಿಗೆ ಅಗ್ಗ? ದ್ರಾಕ್ಷಿ ಹಣ್ಣು ಊಟದ ಭಾಗವಾಗಿದ್ದ ನಾಡಿನಿಂದ ಬಂದವನಿಗೆ, ಕುದುರೆ ಮಾರಿದ ಹಣ ಕೈಯಲ್ಲಿದ್ದವನಿಗೆ ಅದು ಅಗ್ಗ. ಒಂದು ಗೊಂಚಲಿಗೆ ಒಂದು ಕೋಳಿ ತೆರಬೇಕಾದ ಊರಿನವನಿಗೆ ಅದು ಅರಮನೆಯ, ದಂಡನಾಯಕರ ಮನೆಯ ಹಣ್ಣು.

ಜೋಳದ ಬೆಲೆಯನ್ನು ಮಾತ್ರ ಪಾಯೆಸ್ ಬರೆಯುವುದಿಲ್ಲ. ಧಾನ್ಯಗಳೆಲ್ಲ ಅಗ್ಗವೆಂದು ಹೇಳಿ ಮುಂದೆ ಸಾಗುತ್ತಾನೆ. ಇದು ಆಕಸ್ಮಿಕವಲ್ಲ. ಅಬ್ದುರ್ ರಜಾಕ್ ಕೊಡುವ ನಾಣ್ಯಗಳ ವಿವರದ ಪ್ರಕಾರ ಹಣಕ್ಕಿಂತ ಕೆಳಗೆ, ಅದರ ಆರನೆಯ ಒಂದು ಪಾಲಿನ ಬೆಳ್ಳಿಯ ತಾರವೂ, ತಾರದ ಮೂರನೆಯ ಒಂದು ಪಾಲಿನ ತಾಮ್ರದ ಜಿತಲವೂ ಚಲಾವಣೆಯಲ್ಲಿದ್ದವು. ಅಂದರೆ ಒಂದು ಹಣಕ್ಕೆ ಹದಿನೆಂಟು ಜಿತಲ. ಮೂರು ಕೋಳಿಗಳನ್ನು ಒಮ್ಮೆಗೇ ಕೊಳ್ಳುವವನ ವ್ಯವಹಾರ ಹಣದಲ್ಲಿ. ಒಂದು ದಿನದ ಜೋಳ, ಒಂದು ಹಿಡಿ ಉಪ್ಪು ಕೊಳ್ಳುವವನ ವ್ಯವಹಾರ ಜಿತಲದಲ್ಲಿ. ಪಾಯೆಸ್‌ನ ಬೆಲೆಪಟ್ಟಿಯಲ್ಲಿ ಜಿತಲದ ಮಾತಿಲ್ಲ. ಸಂಜೆ ಕೂಲಿ ಪಡೆದು ಅಂಗಡಿಯ ಮುಂದೆ ನಿಂತವನ ಪೇಟೆ ಅವನ ಕಣ್ಣಿಗೆ ಬಿದ್ದಿದ್ದರೂ ಲೆಕ್ಕಕ್ಕೆ ಬೀಳಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಅಂಶವೊಂದು ಪಾಯೆಸ್‌ನ ಕೋಳಿಯ ಬೆಲೆಯಲ್ಲೇ ಇದೆ. ನಗರದೊಳಗೆ ಹಣಕ್ಕೆ ಮೂರು ಕೋಳಿ. ನಗರದ ಹೊರಗಾದರೆ ನಾಲ್ಕು ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಹದಿನೈದು ವರ್ಷಗಳ ಅನಂತರ ಬರೆದ ನೂನಿಜ್ ಕುರಿಯ ಬಗ್ಗೆ ಇಂಥದೇ ಮಾತು ಬರೆಯುತ್ತಾನೆ: ಪೇಟೆಯಲ್ಲಿ ಒಂದು ಪರ್ದಾವೊ ನಾಣ್ಯಕ್ಕೆ ಹನ್ನೆರಡು ಕುರಿ, ಗುಡ್ಡಗಾಡಿನಲ್ಲಿ ಹದಿನಾಲ್ಕರಿಂದ ಹದಿನೈದು. ಇಬ್ಬರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಸ್ತುವಿನ ಬಗ್ಗೆ, ಒಂದೇ ದಿಕ್ಕಿನ ಅಂತರವನ್ನು ದಾಖಲಿಸಿದ್ದಾರೆ. ಕೋಳಿಯ ಬೆಲೆ ನಗರದ ಒಳಗೆ ಹೊರಗಿಗಿಂತ ಮೂರನೆಯ ಒಂದರಷ್ಟು ಹೆಚ್ಚು. ಕುರಿಯ ಬೆಲೆ ಆರನೆಯ ಒಂದರಿಂದ ನಾಲ್ಕನೆಯ ಒಂದರಷ್ಟು ಹೆಚ್ಚು. ಸಾಗಣೆಯ ಶ್ರಮ, ಮಾರುವವನ ಲಾಭ ಇದರಲ್ಲಿ ಸೇರಿರಬೇಕು. ಆದರೆ ಅಂತರದ ದೊಡ್ಡ ಕಾರಣವನ್ನು ನೂನಿಜ್ ತಾನೇ ಬೇರೊಂದು ಕಡೆ ತಿಳಿಸಿದ್ದಾನೆ.

ರಾಜಧಾನಿಯ ಮುಖ್ಯ ದ್ವಾರದ ಸುಂಕವನ್ನು ವರ್ಷಕ್ಕೆ 12,000 ಪರ್ದಾವೊಗಳಿಗೆ ಗುತ್ತಿಗೆ ಕೊಡಲಾಗುತ್ತಿತ್ತು. ಗುತ್ತಿಗೆದಾರರು ಕೇಳಿದಷ್ಟನ್ನು ತೆರದೆ ಸ್ವದೇಶಿಯಾಗಲಿ ಪರದೇಶಿಯಾಗಲಿ ಒಳಗೆ ಬರುವಂತಿರಲಿಲ್ಲ. ಊರಿಗೆ ಬೇಕಾದುದೆಲ್ಲ ಹೊರಗಿನಿಂದ ಎತ್ತಿನ ಬೆನ್ನ ಮೇಲೆ ಬರಬೇಕಿತ್ತು. ದಿನಕ್ಕೆ ಎರಡು ಸಾವಿರ ಹೇರೆತ್ತುಗಳು ಒಳಬರುತ್ತಿದ್ದವೆಂದೂ ಒಂದೊಂದಕ್ಕೂ ಮೂರು ವಿಂತೆಂ ಸುಂಕವೆಂದೂ ಅವನು ಬರೆಯುತ್ತಾನೆ. ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿರಲಿಲ್ಲ ಎಂಬುದು ಅವನು ಸೇರಿಸುವ ವಿಚಿತ್ರವಾದ ವಿವರ. ಎರಡು ಸಾವಿರವೆಂಬುದು ದುಂಡು ಸಂಖ್ಯೆ. ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಆದರೂ ಎತ್ತೊಂದಕ್ಕೆ ನೂರು ಕಿಲೋ ಎಂದು ಹಿಡಿದರೆ ದಿನಕ್ಕೆ 200 ಟನ್ ಸರಕು ಆಗುತ್ತದೆ. ದೊಡ್ಡ ನಗರವೊಂದರ ಹೊಟ್ಟೆಗೆ ಇದು ಅಸಂಭವವಾದ ಪ್ರಮಾಣವೇನಲ್ಲ.

ಪಾಯೆಸ್‌ನ ಬೆಲೆಯನ್ನು ನೂನಿಜ್‌ನ ಸುಂಕಕ್ಕೆ ಹೊಂದಿಸಿದರೆ, ನಡುವಣ ಹದಿನೈದು ವರ್ಷಗಳ ಏರಿಳಿತಕ್ಕೆ ಅವಕಾಶ ಬಿಟ್ಟೂ, ಒಂದು ಸ್ಥೂಲ ಚಿತ್ರ ದೊರೆಯುತ್ತದೆ. ಒಂದು ಹೇರೆತ್ತು ದ್ವಾರ ದಾಟಲು ತೆರುತ್ತಿದ್ದ ಸುಂಕ ಪೇಟೆಯಲ್ಲಿ ಒಂಬತ್ತು ಕೋಳಿಗಳ ಬೆಲೆಗೆ ಸಮ. ಹೇರಿನಲ್ಲಿ ಮೆಣಸೋ ಪಟ್ಟೆಯೋ ಇದ್ದರೆ ಇದು ಲೆಕ್ಕಕ್ಕೆ ಬಾರದ ಮೊತ್ತ. ಜೋಳವಿದ್ದರೆ ಹಾಗಲ್ಲ. ಎತ್ತಿಗೆ ಇಷ್ಟೆಂದು ವಿಧಿಸುವ ಸುಂಕವು ಬೆಲೆಯುಳ್ಳ ಸರಕಿಗೆ ಹಗುರ, ಬಡವರ ಧಾನ್ಯಕ್ಕೆ ಭಾರ. ಹೇರಿನ ಲೆಕ್ಕದ ಸುಂಕ ಕನ್ನಡ ಶಾಸನಗಳಿಗೆ ಹೊಸದೇನಲ್ಲ. ಸ್ಥಳದಾಯ, ಮಾರ್ಗದಾಯ, ಮಾಮೂಲಾದಾಯ ಎಂಬ ಹೆಸರುಗಳು ವಿಜಯನಗರ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಸಂತೆಗೆ ಬಂದ ಎಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಮಾನ ಎಂದು ದೇವಾಲಯಕ್ಕೆ ಬಿಟ್ಟ ದತ್ತಿಗಳು ಅದಕ್ಕೂ ಹಿಂದಿನವು. ಹೊಲದಿಂದ ಹೊರಟ ಹೇರು ದಾರಿಯಲ್ಲಿ ಒಂದೇ ಕಡೆ ಅಲ್ಲ, ಹಲವು ಕಡೆ ಕರಗುತ್ತಿತ್ತು. ಪ್ರವಾಸಿಗೆ ಪೇಟೆಯ ಬೆಲೆ ಮಾತ್ರ ಕಾಣುತ್ತದೆ. ಹೊಲದ ಮಾಲೀಕನಿಗೆ ದಕ್ಕಿದ್ದೆಷ್ಟೆಂಬುದು ಕಾಣುವುದಿಲ್ಲ.

ಹೊಲದ ಮಾಲೀಕ ಎಂಬ ಮಾತನ್ನೂ ಎಚ್ಚರದಿಂದ ಬಳಸಬೇಕು. ನೆಲವೆಲ್ಲ ಅರಸನದೆಂದೂ ಅವನಿಂದ ಪಡೆದ ನಾಯಕರು ಅದನ್ನು ಒಕ್ಕಲಿಗರಿಗೆ ವಹಿಸುತ್ತಾರೆಂದೂ ಒಕ್ಕಲಿಗರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಸಲ್ಲಿಸುತ್ತಾರೆಂದೂ ನೂನಿಜ್ ಬರೆದಿದ್ದಾನೆ. ಈ ಪ್ರಮಾಣ ಅತಿಶಯೋಕ್ತಿಯೆಂದು ಇತಿಹಾಸಕಾರರು ಅಭಿಪ್ರಾಯಪಟ್ಟಿರುವುದು ಸರಿಯಾಗಿಯೇ ಇದೆ. ಹತ್ತರಲ್ಲಿ ಒಂದು ಪಾಲಿನಿಂದ ಎತ್ತು, ಬೀಜ, ಮನೆಮಂದಿ ಬದುಕಲಾರವು. ಆದರೆ ಅಗ್ಗದ ಹಣ್ಣು, ಕುರಿಗಳನ್ನು ಹೊಗಳುವ ಅದೇ ಲೇಖನಿಯಿಂದ ಈ ಮಾತೂ ಬಂದಿದೆ. ಅಗ್ಗದ ಬೆಲೆಯನ್ನು ಸಾಕ್ಷಿಯಾಗಿ ಒಪ್ಪುವವರು ಇದನ್ನು ಪರದೇಶಿಯ ತಪ್ಪು ತಿಳಿವಳಿಕೆಯೆಂದು ಪೂರ್ತಿಯಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಪೇಟೆಯ ಅಗ್ಗಕ್ಕೂ ಹೊಲದ ತೆರಿಗೆಗೂ ಸಂಬಂಧವಿದೆ. ತೆರಿಗೆಯನ್ನು ನಾಣ್ಯದಲ್ಲಿ ಕಟ್ಟಬೇಕಾದವನು ಸುಗ್ಗಿಯಲ್ಲಿಯೇ ಧಾನ್ಯವನ್ನು ಮಾರಬೇಕಾಗುತ್ತದೆ. ಎಲ್ಲರೂ ಒಮ್ಮೆಗೇ ಮಾರುವಾಗ ಬೆಲೆ ಇಳಿಯುತ್ತದೆ.

ಬಳ್ಳಾರಿ ಸೀಮೆ ಈ ಪೇಟೆಗೆ ಯಾವ ರೀತಿಯ ಹಿನ್ನೆಲವಾಗಿತ್ತು? ಯಾವ ಧಾನ್ಯ ಯಾವ ಊರಿನಿಂದ ಬಂದಿತೆಂದು ಪಾಯೆಸ್ ಹೇಳುವುದಿಲ್ಲ. ನೆಲ ಮತ್ತು ನೀರು ಹೇಳುತ್ತವೆ. ಈ ಸೀಮೆಯಲ್ಲಿ ಎರಡು ಕೃಷಿಪದ್ಧತಿಗಳು ಅಕ್ಕಪಕ್ಕದಲ್ಲಿವೆ. ತುಂಗಭದ್ರೆಗೆ ಅಡ್ಡಲಾಗಿ ಒಡ್ಡುಗಳನ್ನು ಕಟ್ಟಿ ತೆಗೆದ ವಿಜಯನಗರ ಕಾಲುವೆಗಳು ಒಂದು ಕಡೆ. ತುರುತ್ತು, ಬಸವಣ್ಣ, ರಾಯ, ಬೆಲ್ಲ, ರಾಮಸಾಗರ, ಕಂಪ್ಲಿ ಕಾಲುವೆಗಳಿಂದ ಕೆಳಗೆ ಸಿರುಗುಪ್ಪ, ದೇಶನೂರು ಕಾಲುವೆಗಳವರೆಗೆ ಈ ಸಾಲು ಹಬ್ಬಿದೆ. ಸಿರುಗುಪ್ಪ ಭತ್ತದ ಊರಾದುದು 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನಿಂದಲ್ಲ. ಅದಕ್ಕೂ ಮೊದಲೇ ನದಿಯ ಕಾಲುವೆ ಅಲ್ಲಿ ಗದ್ದೆ ಮಾಡಿತ್ತು. ಇನ್ನೊಂದು ಕಡೆ ಕುರುಗೋಡಿನಿಂದ ಮೋಕದ ಹಗರಿ ಬಯಲಿನವರೆಗಿನ ಎರೆನೆಲ. ಅಲ್ಲಿ ಮಳೆಯೇ ನೀರು. ಜೋಳ, ನವಣೆ, ಸಜ್ಜೆ, ಹತ್ತಿ, ಹುರುಳಿಯೇ ಬೆಳೆ. ಸಿಂದರ ಕಾಲದಲ್ಲಿ ಬಳ್ಳಕುಂದೆ ನಾಡಿನ ರಾಜಧಾನಿಯಾಗಿದ್ದ ಕುರುಗೋಡು ವಿಜಯನಗರಕ್ಕಿಂತ ಹಳೆಯ ಊರು. ಈ ಒಣಭೂಮಿಯ ಕೃಷಿ ಯಾವ ಸಾಮ್ರಾಜ್ಯದ ಕೊಡುಗೆಯೂ ಅಲ್ಲ.

ಹಂಪಿಯ ಸುತ್ತಮುತ್ತ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದ ಕ್ಯಾಥ್ಲೀನ್ ಮಾರಿಸನ್ ಅವರು ಕೃಷಿಯ ತೀವ್ರೀಕರಣವನ್ನು ಕುರಿತ 1995ರ ಗ್ರಂಥದಲ್ಲಿಯೂ ದರೋಜಿ ಕಣಿವೆಯನ್ನು ಕುರಿತ ಅನಂತರದ ಅಧ್ಯಯನದಲ್ಲಿಯೂ ಕಾಲುವೆ, ಕೆರೆ, ಒಣಹೊಲಗಳನ್ನು ಒಟ್ಟಾಗಿ ಪರಿಶೀಲಿಸಿದ್ದಾರೆ. ಅನ್ನವು ಅರಮನೆ, ದೇವಾಲಯ ಮತ್ತು ಉಳ್ಳವರ ಆಹಾರವಾಗಿದ್ದು, ಬಹುಜನರನ್ನು ಪೊರೆದದ್ದು ಒಣಭೂಮಿಯ ಧಾನ್ಯಗಳೆಂಬುದು ಇಂಥ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಕಾಲುವೆಯನ್ನು ಕಲ್ಲಿನಲ್ಲಿ ಕಟ್ಟಿದರು, ಶಾಸನದಲ್ಲಿ ಬರೆದರು, ಆದುದರಿಂದ ಅದು ಇತಿಹಾಸಕ್ಕೆ ಸುಲಭವಾಗಿ ದಕ್ಕಿತು. ಜೋಳದ ಹೊಲಕ್ಕೆ ಶಾಸನ ಕಡಿಮೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಅಕ್ಕಿಯೊಡನೆ ರಾಗಿ ವಾದಕ್ಕೆ ನಿಂತು, ಸೆರೆಯ ತಿಂಗಳುಗಳನ್ನು ಕೆಡದೆ ಕಳೆದು ಗೆಲ್ಲುವುದು ಇದೇ ಶತಮಾನದ ಕಲ್ಪನೆ ಎಂಬುದನ್ನು ಇಲ್ಲಿ ನೆನೆಯಬಹುದು. ಬಳ್ಳಾರಿ ಸೀಮೆಯಲ್ಲಿ ಆ ಕೃತಿ ಹುಟ್ಟಿದ್ದರೆ ರಾಗಿಯ ಸ್ಥಾನದಲ್ಲಿ ಜೋಳವೇ ನಿಲ್ಲುತ್ತಿತ್ತೇನೋ.

ಪ್ರವಾಸಿಗಳು ಪೇಟೆಯಲ್ಲಿ ಕಂಡದ್ದೆಲ್ಲ ಹಸಿ ಸಾಮಗ್ರಿ ಎಂಬುದು ಗಮನಿಸಬೇಕಾದ ಇನ್ನೊಂದು ಅಂಶ. ಪಾಯೆಸ್‌ನ ದೀರ್ಘ ಪಟ್ಟಿಯಲ್ಲಿ ಬೇಯಿಸಿ ಮಾರುವ ಒಂದು ತಿನಿಸೂ ಇಲ್ಲ. ಇಂದಿನ ಪ್ರವಾಸಿ ಪೇಟೆಯಲ್ಲಿ ತಿನ್ನುತ್ತ ಸಾಗಿದರೆ ಅಂದಿನ ಪ್ರವಾಸಿ ಎಣಿಸುತ್ತ ಸಾಗಿದ. ಬೇಯಿಸಿದ ಅನ್ನವನ್ನು ಯಾರ ಕೈಯಿಂದ ಯಾರು ಸ್ವೀಕರಿಸಬಹುದೆಂಬ ಕಟ್ಟಳೆಗಳಿದ್ದ ಸಮಾಜದಲ್ಲಿ ಧಾನ್ಯವನ್ನು ಎಲ್ಲರೂ ಎಲ್ಲರಿಂದ ಕೊಳ್ಳಬಹುದಿತ್ತು. ಅನ್ನವನ್ನು ಹಾಗೆ ಕೊಳ್ಳಲಾಗುತ್ತಿರಲಿಲ್ಲ. ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕಾಗಿತ್ತು, ತಾನು ಕೊಳ್ಳುತ್ತಿರುವುದೇನೆಂಬುದು ಪ್ರತಿಯೊಬ್ಬನಿಗೂ ತಿಳಿಯಲೆಂಬುದೇ ಇದರ ಉದ್ದೇಶ ಎಂದು ನೂನಿಜ್ ಕೊಡುವ ವಿವರಣೆಯೂ ಇದಕ್ಕೆ ಹೊಂದುತ್ತದೆ.

ಅಬ್ದುರ್ ರಜಾಕನ ಅನುಭವ ಈ ಮಾತನ್ನು ಪುಷ್ಟೀಕರಿಸುತ್ತದೆ. ಅವನಿಗೆ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ ಮತ್ತು ಎರಡು ವರಹ ಸಲ್ಲುತ್ತಿದ್ದವು. ಅತಿಥಿಗೆ ಹೀಗೆ ಸಾಮಗ್ರಿ ಕಳಿಸುವ ಪದ್ಧತಿಗೆ ಕನ್ನಡದಲ್ಲಿ ‘ಉಲುಪೆ’ ಎಂಬ ಮಾತಿದೆ. ಕಳಿಸಿದ್ದು ಊಟವಲ್ಲ, ಊಟದ ಸಾಮಗ್ರಿ. ಬೇಯಿಸಿಕೊಳ್ಳುವುದು ಅವನ ಪರಿವಾರದ ಕೆಲಸ. ನಿಮ್ಮ ಅರಸರು ರಾಯಭಾರಿಯನ್ನು ತಮ್ಮ ಪಂಕ್ತಿಗೆ ಕರೆಯುತ್ತಾರೆ, ನಾವೂ ನೀವೂ ಒಟ್ಟಿಗೆ ಉಣ್ಣುವಂತಿಲ್ಲ, ಆದುದರಿಂದ ಈ ಹಣದ ಚೀಲವೇ ಔತಣವೆಂದು ಭಾವಿಸಬೇಕು ಎಂಬ ಅರ್ಥದ ಮಾತನ್ನು ಅರಸನು ದುಭಾಷಿಯ ಮೂಲಕ ಹೇಳಿಸಿದನೆಂದು ರಜಾಕ್ ದಾಖಲಿಸುತ್ತಾನೆ. ಆಹಾರ ಹೇರಳವಾಗಿದ್ದ ನಗರದಲ್ಲಿ ಪರದೇಶಿಯ ಪಾಲಿಗೆ ಪಂಕ್ತಿ ಮಾತ್ರ ದುರ್ಲಭವಾಗಿತ್ತು. ಪಂಕ್ತಿಭೇದವಿಲ್ಲದೆ ಅವನ ಬಾಯಿಗೆ ಬಂದುದು ವೀಳ್ಯ. ಅದರ ರುಚಿ ಮತ್ತು ಗುಣಗಳನ್ನು ಅವನು ಬಾಯಿತುಂಬ ವರ್ಣಿಸಿದ್ದಾನೆ. ಗುಲಾಬಿ ಹೂವನ್ನು ಈ ಜನ ಆಹಾರದಷ್ಟೇ ಅಗತ್ಯವೆಂದು ಎಣಿಸುತ್ತಾರೆಂಬ ಅವನ ಮಾತೂ ಪ್ರಸಿದ್ಧ.

ವೀಳ್ಯದ ವಿಷಯದಲ್ಲಿ ಶಾಸನದ ಸಾಕ್ಷ್ಯ ಪ್ರವಾಸಿಯ ಸಾಕ್ಷ್ಯವನ್ನು ನೇರವಾಗಿ ಕೂಡುತ್ತದೆ. ಇಮ್ಮಡಿ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಶಾಸನವು ಆ ಬಸದಿ ಎಲೆ ಅಡಿಕೆಯ ಅಂಗಡಿಗಳ ಬೀದಿಯಲ್ಲಿತ್ತೆಂದು ತಿಳಿಸುತ್ತದೆ. ರಜಾಕ್ ಬರುವುದಕ್ಕೆ ಹದಿನೇಳು ವರ್ಷ ಮೊದಲೇ ಒಂದು ಬೀದಿ ತಾನು ಮಾರುವ ವಸ್ತುವಿನಿಂದಲೇ ಹೆಸರು ಪಡೆದಿತ್ತು. ಪಾನ್ ಸುಪಾರಿ ಬಜಾರೆಂದು ಇಂದಿಗೂ ಕರೆಯಲಾಗುವ ಜಾಗ ಅದು.

ಹಾಗಾದರೆ ಉಲುಪೆಯಿಲ್ಲದ, ಪರಿವಾರವಿಲ್ಲದ ದಾರಿಹೋಕ ಎಲ್ಲಿ ಉಣ್ಣುತ್ತಿದ್ದ? ಬೇಯಿಸಿದ ಅನ್ನ ದೊರೆಯುತ್ತಿದ್ದ ತಾಣಗಳು ಛತ್ರ, ಮಠ ಮತ್ತು ದೇವಾಲಯ. ತಿರುಮಲೆಯ ಶಾಸನಗಳಲ್ಲಿ ನೈವೇದ್ಯದ ನಾಲ್ಕನೆಯ ಒಂದು ಪಾಲು ದತ್ತಿ ಬಿಟ್ಟವನಿಗೆ ಸಲ್ಲುತ್ತಿದ್ದುದೂ ಆ ಪಾಲನ್ನು ಅವನು ಇತರರಿಗೆ ವಹಿಸಬಹುದಾಗಿದ್ದುದೂ ತಿಳಿದುಬರುತ್ತದೆ. ದೇವರ ಮುಂದೆ ಇಟ್ಟ ಅನ್ನ ಪ್ರಸಾದವಾಗಿ, ಪೇಟೆಯ ಅನ್ನಕ್ಕಿದ್ದ ಅಡ್ಡಿಯನ್ನು ದಾಟಿ ಯಾತ್ರಿಕನ ಕೈ ಸೇರುತ್ತಿತ್ತು. ಹಂಪಿಯ ದೊಡ್ಡ ಪೇಟೆಗಳು ವಿರೂಪಾಕ್ಷ, ಕೃಷ್ಣ, ಅಚ್ಯುತರಾಯ, ವಿಠ್ಠಲ ದೇವಾಲಯಗಳ ಮುಂದೆಯೇ ಹಬ್ಬಿರುವುದನ್ನು ರಥೋತ್ಸವದ ದೃಷ್ಟಿಯಿಂದ ಮಾತ್ರ ನೋಡುವುದು ಸಾಲದು. ಅಂಗಡಿ ಸಾಲಿನ ಧಾನ್ಯ ಒಂದು ತುದಿಯಲ್ಲಿ, ಗುಡಿಯ ಅಡುಗೆಮನೆ ಇನ್ನೊಂದು ತುದಿಯಲ್ಲಿ.

ಕಮಲಾಪುರದ ಕಡೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಭೋಜನಶಾಲೆ ಎಂದು ಕರೆಯಲಾಗುವ ಜಾಗವಿದೆ. ಕಲ್ಲಿನ ಕಾಲುವೆಯ ಎರಡೂ ಬದಿ ಸಾಲಾಗಿ ಹಾಸಿದ ಚಪ್ಪಡಿಗಳಲ್ಲಿ ಬಾಳೆಲೆಯ ಆಕಾರದ ತಟ್ಟೆಗಳನ್ನು ಕೊರೆಯಲಾಗಿದೆ. ಒಂದೊಂದರಲ್ಲಿಯೂ ಅನ್ನಕ್ಕೊಂದು, ಪಲ್ಯ ಸಾರುಗಳಿಗೆ ಕೆಲವು ಎಂಬಂತೆ ಗುಳಿಗಳು. ಎದುರುಬದುರು ಕುಳಿತವರ ನಡುವೆ ನೀರು ಹರಿಯುತ್ತಿತ್ತು. ಪ್ರವಾಸಿಗಳ ಬರಹದಲ್ಲಿ ಎಲ್ಲಿಯೂ ದೊರೆಯದ ಸಾಮೂಹಿಕ ಊಟಕ್ಕೆ ಉಳಿದಿರುವ ಕಣ್ಣಿಗೆ ಕಾಣುವ ಸಾಕ್ಷ್ಯ ಇದು. ತೊಳೆದರೆ ಮುಂದಿನ ಪಂಕ್ತಿಗೆ ಸಿದ್ಧವಾಗುವ ಈ ತಟ್ಟೆಗಳು ಹತ್ತಾರು ಜನರಿಗೆ ಒಮ್ಮೆಗೇ ಬಡಿಸುವ ವ್ಯವಸ್ಥೆಯೊಂದನ್ನು ಸೂಚಿಸುತ್ತವೆ.

ಅಡುಗೆಯ ವಿವರಕ್ಕೆ ಪ್ರವಾಸಿಗಳಿಗಿಂತ ಕನ್ನಡ ಕೃತಿಗಳೇ ಆಧಾರ. ಪಾಯೆಸ್ ಬರುವುದಕ್ಕೆ ಕೆಲವೇ ವರ್ಷಗಳ ಹಿಂದೆ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡುಗೆಗೆ ವಿಶೇಷ ಸ್ಥಾನವಿದೆ. ಪಾಯೆಸ್‌ನ ಪಟ್ಟಿಯಲ್ಲಿ ಹೊರೆಗಟ್ಟಲೆ ಬರುವ ಬದನೆ ಒಲೆಯ ಮೇಲೆ ಏನಾಗುತ್ತಿತ್ತೆಂಬುದನ್ನು ಊಹಿಸಲು ಆ ಗ್ರಂಥ ನೆರವಾಗುತ್ತದೆ. ಆದರೆ ಅದು ಉಳ್ಳವರ ಮನೆಯ ಸಸ್ಯಾಹಾರದ ಶಾಸ್ತ್ರ. ರೊಟ್ಟಿಯ ಜೊತೆ ಹಸಿ ಸೊಪ್ಪು, ಗುರೆಳ್ಳಿನ ಪುಡಿ ತಿಂದವರಿಗೆ ಶಾಸ್ತ್ರಗ್ರಂಥವಿಲ್ಲ. ಶುಕ್ರವಾರದ ಸಂತೆಯಲ್ಲಿ ಹಂದಿ, ಕೋಳಿ, ಕಡಲಿನ ಒಣಮೀನಿನ ಜೊತೆಗೆ ಈ ನಾಡಿನ ಇನ್ನೂ ಕೆಲವು ವಸ್ತುಗಳಿದ್ದವು, ಅವುಗಳ ಹೆಸರು ತನಗೆ ತಿಳಿಯದೆಂದು ಪಾಯೆಸ್ ಹೇಳುತ್ತಾನೆ. ಅವನ ಇಡೀ ವರ್ಣನೆಯಲ್ಲಿ ಸ್ಥಳೀಯ ಆಹಾರಕ್ಕೆ ಅತಿ ಹತ್ತಿರ ಬಂದ ಮಾತು ಬಹುಶಃ ಇದೇ. ತನ್ನ ನಾಡಿನಲ್ಲಿ ಹೋಲಿಕೆಯಿದ್ದುದಕ್ಕೆ ಅವನು ಹೆಸರು ಕೊಟ್ಟ. ಹೋಲಿಕೆಯಿಲ್ಲದ್ದು ಹೆಸರಿಲ್ಲದೆ ಉಳಿಯಿತು.

ಆ ಪೇಟೆಯಲ್ಲಿ ಮೆಣಸಿನಕಾಯಿ ಇಲ್ಲ, ನೆಲಗಡಲೆ ಇಲ್ಲ, ಟೊಮೆಟೊ, ಆಲೂಗಡ್ಡೆಗಳಿಲ್ಲ. ಖಾರಕ್ಕೆ ಮಲಬಾರಿನಿಂದ ಎತ್ತು ಕತ್ತೆಗಳ ಮೇಲೆ ಬರುತ್ತಿದ್ದ ಕರಿಮೆಣಸೇ ಆಧಾರ. ಅದರ ಸಾಗಣೆಯನ್ನು ಪೋರ್ಚುಗೀಸ್ ಅಧಿಕಾರಿ ಬಾರ್ಬೋಸಾ ಬರೆದಿದ್ದಾನೆ. ಇಂದು ಬಳ್ಳಾರಿಯ ಬೀದಿ ತಿನಿಸೆಂದರೆ ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ. ಗಡಿಯಾಚೆಯ ಕರ್ನೂಲು, ಅನಂತಪುರದವರು ಅದನ್ನು ಉಗ್ಗಾಣಿ ಬಜ್ಜಿ ಎನ್ನುತ್ತಾರೆ. ಮೋಕದಂಥ ಗಡಿ ಊರುಗಳಲ್ಲಿ ಎರಡು ಹೆಸರೂ ನಡೆಯುತ್ತವೆ. ಮಂಡಕ್ಕಿ ಕಾಲುವೆಯ ಭತ್ತದಿಂದ, ಹಿಟ್ಟು ಒಣಹೊಲದ ಕಡಲೆಯಿಂದ. ಮೆಣಸಿನಕಾಯಿ ಮತ್ತು ನೆಲಗಡಲೆ ಪಾಯೆಸ್‌ನ ದೇಶದವರ ಹಡಗುಗಳು ತೆರೆದ ಕಡಲ ಹಾದಿಯಿಂದ ಅನಂತರ ಬಂದು ಈ ನೆಲದವೇ ಆದ ಬೆಳೆಗಳು. ಪ್ರಾಚೀನ ಪರಂಪರೆಯ ಊಟವೆಂದು ಇಂದು ಹೇಳಿಕೊಳ್ಳುವ ತಟ್ಟೆಯಲ್ಲಿ ಕೃಷ್ಣದೇವರಾಯ ಗುರುತಿಸಬಹುದಾಗಿದ್ದುದು ರೊಟ್ಟಿ, ಬದನೆ ಮತ್ತು ಬೆಣ್ಣೆ. ಕೆಂಪು ಚಟ್ನಿಯನ್ನು ಅವನು ಗುರುತಿಸಲಾರ.

1565ರ ಯುದ್ಧದ ಅನಂತರ ಪೇಟೆ ಬರಿದಾಯಿತು. 1567ರಲ್ಲಿ ಏಳು ತಿಂಗಳು ಅಲ್ಲಿ ತಂಗಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಮನೆಗಳು ನಿಂತಿವೆ, ಒಳಗೆ ಹುಲಿಯಂಥ ಕಾಡುಪ್ರಾಣಿಗಳಿವೆಯಂತೆ ಎಂದು ಬರೆದ. ದಿನಸಿ ಎಂದೂ ತಪ್ಪದ ನಗರವೆಂದು ಪಾಯೆಸ್ ಹೊಗಳಿ ಐದು ದಶಕವೂ ತುಂಬಿರಲಿಲ್ಲ. ನಗರ ಹೋದರೂ ಸೀಮೆ ಹೋಗಲಿಲ್ಲ. ಸಿರುಗುಪ್ಪದ ಕಾಲುವೆ ಹರಿಯಿತು. ಎರೆನೆಲದಲ್ಲಿ ಜೋಳದ ಬಿತ್ತನೆ ನಡೆಯಿತು. ಹೇರೆತ್ತುಗಳು ಬೇರೆ ಪೇಟೆಗಳ ದಾರಿ ಹಿಡಿದವು.

ಪೇಟೆಯ ತುಂಬು ಸೀಮೆಯ ತುಂಬಲ್ಲ ಎಂಬುದನ್ನು ಬಳ್ಳಾರಿ ಜಿಲ್ಲೆ ಮುಂದೆ ಅತಿ ಕ್ರೂರವಾಗಿ ಕಂಡಿತು. 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಷ್ಟರಲ್ಲಿ ಹೇರೆತ್ತಿನ ಬದಲು ರೈಲು ಬಂದಿತ್ತು, ಧಾನ್ಯವೂ ಬರುತ್ತಿತ್ತು; ಕೊಳ್ಳುವ ಜಿತಲವೇ ಜನರ ಕೈಯಲ್ಲಿರಲಿಲ್ಲ. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಲೆಕ್ಕಕ್ಕೆ ಇಳಿಸಿದ್ದ. ಆ ಕಾಲದ ಅಧಿಕಾರಿಗಳ ವರದಿಗಳಲ್ಲಿ ಜೋಳದ ಬೆಲೆ ಇದೆ. ಪಾಯೆಸ್ ಬರೆಯದೆ ಬಿಟ್ಟ ಅಂಕಿಯನ್ನು ಅವರು ಬರೆಯಲೇಬೇಕಾಯಿತು.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದ ತಾಲ್ಲೂಕುಗಳು ಮೈಸೂರಿಗೂ ಸೇರಿದಾಗ ಮೋಕದ ಬಯಲು ಗಡಿಯ ಬಯಲಾಯಿತು. ಧಾನ್ಯದ ಹೇರಿಗೆ ಮತ್ತೊಮ್ಮೆ ಒಂದು ದ್ವಾರ ಎದುರಾಯಿತು. ಕನ್ನಡದಲ್ಲಿ ಜೋಳವಾಗಿ ಬಿತ್ತಿದ್ದನ್ನು ತೆಲುಗಿನಲ್ಲಿ ಜೊನ್ನಲು ಎಂದು ಅಳೆದು ಮಾರುವುದು ಆ ಸೀಮೆಯ ಸಂತೆಗಳಲ್ಲಿ ನಿಂತಿಲ್ಲ.